ಒಟ್ಟು ಎಂಬ ಖಾನೆ

ಕಾಳಿ ಕಡಲಿಗೆ ಸೇರುವಲ್ಲಿ, ಇಳಿತದ ಹೊತ್ತು,
ಕಲ್ವಾ ಕಚ್ಚಿಕೊಂಡ ಬಂಡೆಯ ಮೇಲೆ
ನೀರುನಾಯಿಯ ಹಿಕ್ಕೆ ಇನ್ನೂ ಹಸಿ:
ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು.
ಮೊಣಕಾಲೂರಿ, ಸ್ಟೀಲ್ ಚಮಚದಲ್ಲಿ ಎತ್ತಿ
ಗಾಜಿನ ಶೀಶೆಗೆ ಹಾಕುತ್ತೇನೆ. ಪ್ಲಾಸ್ಟಿಕ್ ಆಗದು,
ಪ್ಲಾಸ್ಟಿಕ್ಕೂ ನಡುವೆ ಬಾಯಿ ಹಾಕುತ್ತದೆ.

ಮಾದರಿ ಹದಿನೇಳು. ಕೋಡಿಬಾಗ. ಬೆಳಿಗ್ಗೆ ಆರೂ ಹತ್ತು.
ಪ್ರಾಣಿಯನ್ನು ಕಂಡದ್ದು: ಇಲ್ಲ.

ಎಂಟು ತಿಂಗಳಲ್ಲಿ ಅದರ ಮುಖ ನೋಡಿದ್ದು ಎರಡೇ ಸಲ.
ಆದರೆ ಏನು ತಿಂದಿತು, ಎಂದು ಉಪವಾಸ ಬಿತ್ತು,
ಮೈಯೊಳಗೆ ಏನೇನು ಕೂತಿದೆ, ಹೇಳಬಲ್ಲೆ
ನೋಡದ ಮದುಮಗನ ಜಾತಕ ಬಲ್ಲ ಜೋಯಿಸರ ಹಾಗೆ.

ಹಿಂದಿನ ತಿಂಗಳ ವರದಿ ಚೀಲದಲ್ಲಿದೆ,
ಕಿರಾಣಿ ಅಂಗಡಿಯ ಚೀಟಿಯಷ್ಟು ಉದ್ದ.
ದೋಣಿಯ ತಳಕ್ಕೆ ಬಳಿದ ಬಣ್ಣದ ತಾಮ್ರ, ಮಿತಿಯೊಳಗೆ.
ಎಂಜಿನ್ನು ಕಾರಿಕೊಂಡ ಎಣ್ಣೆ, ಮಿತಿಯೊಳಗೆ.
ಘಟ್ಟ ಇಳಿದು ಬಂದ ಹುಳದೌಷಧಿ,
ಯಾರದೋ ತಲೆನೋವಿನ ಗುಳಿಗೆ, ಯಾರದೋ ಬಟ್ಟೆಯ ಪರಿಮಳ,
ರೇನ್‌ಕೋಟಿನ ಮೇಲೆ ನೀರು ನಿಲ್ಲಗೊಡದ ಆ ಹೆಸರಿಲ್ಲದ್ದು
(ಹೆಸರಿದೆ, ನಾಲಿಗೆ ಹೊರಳುವುದಿಲ್ಲ),
ಮಿತಿಯೊಳಗೆ, ಮಿತಿಯೊಳಗೆ, ಪತ್ತೆಯಾಗಿದೆ ಆದರೆ ಮಿತಿಯೊಳಗೆ.
ಮೂವತ್ತೊಂದು ಸಾಲು. ಮೂವತ್ತೊಂದು ಸಭ್ಯಸ್ಥರು.

ಹನಿ ಹನಿ ಗೂಡಿದರೆ ಹಳ್ಳ ಎಂದು
ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು.
ಇಲ್ಲಿ ಒಂದೊಂದು ಹನಿಯೂ ಕೈಮುಗಿದು ನಿಂತಿದೆ:
ನಾನು ಬರೀ ಹನಿ, ಸ್ವಾಮಿ,
ಹಳ್ಳ ಯಾರೋ ನನಗೆ ಗೊತ್ತಿಲ್ಲ.

ಬುಟ್ಟಿ ಇಳಿಸಿ ನಿಂತಳು ಸುಂಕೇರಿಯ ಶೇವಂತಿ ಮಾಜಾಳಿಕರ,
ಸೊಂಟದ ತನಕ ಕೆಸರು.
"ಹೇಲು ಹೆಕ್ಕೂಕೆ ಸರಕಾರ ಪಗಾರ ಕೊಡ್ತದೇನೇ?"
ನಕ್ಕೆ. ವರದಿ ತೆಗೆದು ಓದಿದೆ, ಒಂದೊಂದಾಗಿ.
ಬೆರಳ ಗೆಣ್ಣು ಮುಟ್ಟುತ್ತ ಕೇಳಿದಳು,
ಗಿರಾಕಿಗೆ ಬಳಚು ಎಣಿಸುವಾಗಿನ ಗಾಂಭೀರ್ಯದಲ್ಲಿ.
ಎರಡೂ ಕೈ ಮುಗಿದು ಒಂದು ಉಳಿಯಿತು.
"ಹಂಗಾರೆ ಎಲ್ಲ ಸೇರಿ ಎಷ್ಟಾಯ್ತು?"

ಆ ಖಾನೆ ಇಲ್ಲ, ಅಕ್ಕಾ.
ಯಾವುದು ಯಾವುದರ ಬೆನ್ನಿಗೆ ನಿಂತಿತು,
ಯಾವುದು ಇನ್ನೊಂದಕ್ಕೆ ಈಲಿಯ ಬಾಗಿಲು ತೆಗೆದುಕೊಟ್ಟಿತು
ಎಂದು ಬರೆಯಲು ಕಾಗದದಲ್ಲಿ ಜಾಗ ಬಿಟ್ಟಿಲ್ಲ.
ಬರೀ ಕೂಡಿಸಿದರೆ ಸಾಲದು. ಕೆಲವು ಗುಣಿಸುತ್ತವೆ,
ಕೆಲವು ಒಂದನ್ನೊಂದು ಅಳಿಸುತ್ತವೆ,
ಕೆಲವು ಮರಿಯಾಗುವ ತನಕ ಸುಮ್ಮನಿರುತ್ತವೆ.

"ಲೆಕ್ಕ ಬರೂದಿಲ್ಲ ಅಂತ ಹೇಳು ಮತ್ತೆ,"
ಎಂದವಳೇ ಎರಡು ಬೊಗಸೆ ಬಳಚು ನನ್ನ ಚೀಲಕ್ಕೆ ಸುರಿದಳು.
ದುಡ್ಡು ಕೊಡಹೋದರೆ ಕೆಸರುಕೈ ಅಡ್ಡ ಹಿಡಿದಳು.

ರಾತ್ರಿ ಕಾಯಿ ಹಾಕಿ ಸುಕ್ಕೆ ಮಾಡಿದೆ.
ಚೆನ್ನಾಗಿತ್ತು. ಉಪ್ಪು ಮಿತಿಯೊಳಗೆ.
ತಟ್ಟೆ ತೊಳೆದು, ಕೈಯುಗುರು ಕತ್ತರಿಸಿ,
ಉಳಿದಿದ್ದ ಶೀಶೆಗೆ ಹಾಕಿ ಚೀಟಿ ಅಂಟಿಸಿದೆ.

ಮಾದರಿ ಹದಿನೆಂಟು. ಕೋಡಿಬಾಗ. ರಾತ್ರಿ ಒಂಬತ್ತೂವರೆ.
ಪ್ರಾಣಿಯನ್ನು ಕಂಡದ್ದು:

ಅಡುಗೆಮನೆಯಲ್ಲಿ ಕನ್ನಡಿ ಇಲ್ಲ.
ಸದ್ಯ ಖಾಲಿ ಬಿಟ್ಟಿದ್ದೇನೆ.