ನೆಲಕ್ಕೆ ಬೀಳದ ತೊಟ್ಟು

ಖೊರೋಗಿನಲ್ಲಿ, ಗುಂಟ್ ಹೊಳೆಯ ದಡದಲ್ಲಿರುವ ನಮ್ಮ ಗ್ಯಾರೇಜಿಗೆ ಬಾಗಿಲಿಲ್ಲ.
ಹಳೇ ಕಂಟೇನರಿನ ಒಂದು ಪಕ್ಕ ಕೊಯ್ದಿದ್ದೇವೆ, ಅಷ್ಟೇ.
ಇಲ್ಚಿಬೆಕ್ ನೀವಾ ತಂದು ನಿಲ್ಲಿಸಿದ.
ನಿಲ್ಲಿಸಿದ ಅನ್ನುವುದಕ್ಕಿಂತ, ಗೇರು ಇಳಿಸುತ್ತ ಇಳಿಸುತ್ತ
ಟೈರಿನ ಗುಡ್ಡೆಗೆ ಒರಗಿಸಿದ.
"ಈ ತಿಂಗಳು ಮೂರು ಸಲ ಬ್ರೇಕ್ ಆಯಿಲ್ ಹಾಕಿದೆ, ಸವ್ಸನ್.
ಎಲ್ಲಿ ಹೋಗುತ್ತದೋ."

ಎಲ್ಲಿಗೂ ಹೋಗದೆ ಯಾವುದೂ ಕಮ್ಮಿಯಾಗುವುದಿಲ್ಲ:
ಮಾವ ಮುಬೊರಕ್ಷೋ ಕಲಿಸಿದ ಮೊದಲ ಪಾಠ.
ಎರಡನೆಯದು, ಬಾಯಿಗಿಂತ ಮೊದಲು ಬೆರಳು.
ಎಂಜಿನ್ ಆಯಿಲ್ ಕಪ್ಪಗೆ ಅಂಟುತ್ತದೆ,
ರೇಡಿಯೇಟರಿನ ನೀರು ಸಿಹಿ ಸಿಹಿ ನಾರುತ್ತದೆ,
ಇದು ಜಾರುತ್ತದೆ. ನೀರು ಹೊಯ್ದರೆ ಹೋಗುತ್ತದೆ,
ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ತಿನ್ನುತ್ತದೆ.

ರಾತ್ರಿ ಅಡಿಗೆ ರಟ್ಟು ಹಾಸಿ ಮಲಗಿದೆ.
ಬೆಳಿಗ್ಗೆ ಅದರ ಮೇಲೆ ಒಂದು ಬೆಕ್ಕಿನ ಹೆಜ್ಜೆ, ಮತ್ತೇನಿಲ್ಲ.

ನಾಲ್ಕೂ ಚಕ್ರ ಬಿಚ್ಚಿದೆ.
ಹಿಂದಿನ ಡ್ರಮ್ಮು ಸುತ್ತಿಗೆಯ ನಾಲ್ಕು ಏಟಿಗೆ ಬಂತು,
ಒಳಗಿನ ರಬ್ಬರಿನ ತುಟಿ ಎತ್ತಿ ನೋಡಿದೆ: ಒಣ.
ಪೈಪಿನುದ್ದಕ್ಕೂ ಬಿಳಿ ಕಾಗದ ಒರೆಸಿದೆ:
ತುಕ್ಕು, ಧೂಳು, ಕಣಿವೆಯ ಮಣ್ಣು.
ಸೋರಿಲ್ಲ, ಜಿನುಗಿಲ್ಲ, ಒಸರಿಲ್ಲ.
ಆದರೆ ಪೆಡಲಿನ ಮೇಲೆ ಕಾಲಿಟ್ಟು ಕೂತರೆ
ನಿದ್ದೆಗೆ ಜಾರುವವರ ತಲೆಯ ಹಾಗೆ
ಮೆಲ್ಲಗೆ ಕೆಳಗೆ, ಇನ್ನೂ ಕೆಳಗೆ.

ಸ್ಟಾರ್ಟ್ ಮಾಡು ಅಂದೆ. ಹೊಗೆ ಬಂತು,
ಚಳಿಯ ಹೊಗೆಯಲ್ಲ, ಬಿಸಿಲೇರಿದ ಮೇಲೂ ನಿಲ್ಲದ ದಪ್ಪ ಬಿಳಿ ಹೊಗೆ.
ಮಾವ ಚಹಾದ ಬಟ್ಟಲು ಕೆಳಗಿಟ್ಟ.

ಎರಡೇ ನಟ್ಟು. ಮಾಸ್ಟರ್ ಸಿಲಿಂಡರ್ ಮುಂದಕ್ಕೆಳೆದು
ಅದರ ಬೆನ್ನ ಹಿಂದೆ, ಬೂಸ್ಟರಿನ ಕತ್ತಲೊಳಗೆ ಬೆರಳಿಳಿಸಿದೆ.
ಗೆಣ್ಣಿನ ತನಕ ಒದ್ದೆ.
ಹಿಂಬದಿಯ ಸೀಲು ಸವೆದು, ಹೊರಗೆ ಒಂದು ತೊಟ್ಟೂ ಬೀಳಿಸದೆ
ತನ್ನ ಬ್ರೇಕನ್ನು ತಾನೇ ಕುಡಿಯುತ್ತಿತ್ತು ಗಾಡಿ.

"ಕೊಯ್‌ತೆಜೆಕ್ ಇಳಿವಾಗ," ಅಂದ ಇಲ್ಚಿಬೆಕ್, ಯಾರೂ ಕೇಳದೆಯೇ,
"ಪೆಡಲು ನೆಲ ಮುಟ್ಟಿತು. ಹಿಂದೆ ಐದು ಜನ, ಮಡಿಲಲ್ಲೊಂದು ಮಗು.
ಹ್ಯಾಂಡ್ ಬ್ರೇಕು ಹಲ್ಲು ಹಲ್ಲಾಗಿ ಎಳೆದು ನಿಲ್ಲಿಸಿದೆ.
ಎಂಜಿನ್ ಆರಲಿ, ಕಾಲಾಡಿಸಿಕೊಳ್ಳಿ ಅಂದೆ.
ಫೋಟೊ ತೆಗೆದುಕೊಂಡರು."

ಆಮೇಲೆ, "ಇವತ್ತಿಗೊಂದು ಬಾಟಲಿ ಹಾಕಿಕೊಡು.
ಮುರ್ಗಾಬಿಗೆ ಸೀಟು ತುಂಬಿದೆ, ದುಡ್ಡೂ ಖರ್ಚಾಗಿದೆ."
ನಾನು ಕೀಲಿ ತೆಗೆದು ವಾಷರುಗಳ ಡಬ್ಬಿಗೆ ಹಾಕಿದೆ,
ಡಬ್ಬಿಯ ಮೇಲೆ ಮಾವ ಕೂತ.

ದುಶಾನ್ಬೆಯಿಂದ ಸಿಲಿಂಡರ್ ಬರಲು ಐದು ದಿನ.
ಐದೂ ದಿನ ಬಂದು ಕೂತ, ಬೈದ,
ನಮ್ಮ ಉಪ್ಪು ಚಹಾಕ್ಕೆ ರೊಟ್ಟಿ ಮುರಿದು ಹಾಕಿಕೊಂಡ.

ಕೊನೆಗೆ ಗಾಳಿ ತೆಗೆಯುವ ಕೆಲಸ. ಇದು ಒಬ್ಬರ ಕೈಯಲ್ಲಾಗದು.
ಅವನು ಸೀಟಿನಲ್ಲಿ, ನಾನು ಕೆಳಗೆ,
ದೂರದ ಚಕ್ರ ಮೊದಲು, ಹತ್ತಿರದ್ದು ಕೊನೆಗೆ.
ಒತ್ತು. ಒತ್ತು. ಹಿಡಿ.
ಹಿಡಿದೇ ಇರು, ನಾನು ಮುಚ್ಚುವ ಮುಂಚೆ ಕಾಲೆತ್ತಿದರೆ
ಹೋದ ಗಾಳಿಯೆಲ್ಲ ವಾಪಸ್ಸು ಬರುತ್ತದೆ.
ಈಗ ಬಿಡು.

ಮುಖ ಕಾಣದು. ನಳಿಕೆಯೊಳಗೆ
ಚಹಾ ಬಣ್ಣದ ಹಳೆಯ ದ್ರವ, ಗುಳ್ಳೆ, ಗುಳ್ಳೆ,
ಆಮೇಲೆ ಗುಳ್ಳೆಯಿಲ್ಲದ ತಿಳಿ.
ಆ ತಿಳಿಯೂ ನಡುಗುತ್ತಿತ್ತು.
ಸಿಲಿಂಡರಿನದಲ್ಲ, ಪೈಪಿನದಲ್ಲ, ನನ್ನ ಕೈಯದೂ ಅಲ್ಲ;
ಮೇಲೆ, ಪೆಡಲಿನ ಮೇಲೆ, ಅವನ ಪಾದ.

ಹಿಡಿ, ಅಂದೆ. ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

ಅರ್ಧ ದುಡ್ಡು, ಅರ್ಧ ಹಿಪ್ಪುನೇರಳೆ ಹಿಟ್ಟು ಕೊಟ್ಟ.
ಬಾನೆಟ್ಟಿನಡಿ ಬಣ್ಣ ಸುಲಿದ ಜಾಗ ತೋರಿಸಿ
"ಇದು?" ಅಂದ.
ಅದು ಹಾಗೇ ಇರಲಿ, ಅಂದ ಮಾವ.
ಸೇತುವೆಯ ತನಕ ಹೋಗಿ, ಸುಮ್ಮಸುಮ್ಮನೆ
ಮೂರು ಸಲ ನಿಲ್ಲಿಸಿದ ಗಾಡಿಯನ್ನು.
ಹಿಂದೆ ಯಾರೋ ಹಾರನ್ ಬಾರಿಸಿದರು.