ಯಾವ ಬೆಡಗು

ಕ್ರೋಮಿಯಂ ಜಾಸ್ತಿ ಬಂದಿದೆ, ಅಂದಳು ತಿನಾವಂಗಾ
ಕಾಗದದಿಂದ ಕಣ್ಣೆತ್ತದೆ.
ಕಲ್ಲಿನದೋ, ನಿನ್ನ ಗಿರಣಿಯದೋ?

ಗಿರಣಿ ನನ್ನದಲ್ಲ, ಪ್ರಯೋಗಾಲಯದ್ದು.
ಆದರೆ ಹನ್ನೊಂದು ವರ್ಷದಿಂದ ಕಲ್ಲು ಅರೆಯುವವನು ನಾನು;
ಉಕ್ಕಿನ ಬಟ್ಟಲು ತನ್ನ ಮೈಯ ಚೂರನ್ನು
ಗುಟ್ಟಾಗಿ ಹಿಟ್ಟಿಗೆ ಬೆರೆಸುವುದು ಗೊತ್ತು.
ಸುಳ್ಳುಸಾಕ್ಷಿಗೆ ಅಷ್ಟು ಸಾಕು.

ಮತ್ತೆ ಶುರು. ಅಗೇಟಿನ ಒರಳು, ಅಗೇಟಿನ ಗುಂಡು.
ತೊಳೆದು, ಒರೆಸಿ, ಬರೀ ಬಿಳಿ ಮರಳು ಅರೆದು ಚೆಲ್ಲಿ
ಮತ್ತೆ ತೊಳೆದು,
ಸೂತಕ ಕಳೆಯುವ ಹಾಗೆ.

ಕಲ್ಲು ಸೌಟ್‌ಪಾನ್ಸ್‌ಬರ್ಗ್ ಬೆಟ್ಟಸಾಲಿನ ದಕ್ಷಿಣಕ್ಕೆ
ರೈಲುಹಳಿ ಪಕ್ಕದ ಕ್ವಾರಿಯದು.
ದಾಳಿಂಬೆ ಕಾಳಿನಂಥ ಗಾರ್ನೆಟ್ಟು, ಮಂಕು ನೀಲಿಯ ಗೆರೆ.
ನೋಡಿದರೆ ಯಾರೂ ಕೆಸರು ಅನ್ನಲಾರರು.
ಕೆಸರೇ.
ಇನ್ನೂರೆಪ್ಪತ್ತು ಕೋಟಿ ವರ್ಷದ ಹಿಂದೆ
ಹೆಸರಿಲ್ಲದ ಕಡಲಲ್ಲಿ ತಳ ಕೂತ ಕೆಸರು;
ಆಮೇಲೆ ನೆಲದೊಳಗೆ ಮೂವತ್ತು ಕಿಲೋಮೀಟರು ಇಳಿದು
ಬೆಂದದ್ದು.
ನೀರು ಮೊದಲು ಓಡಿತು.
ಪೊಟ್ಯಾಸಿಯಂ, ಕರಗಿದವರ ಗುಂಪು ಸೇರಿ, ಅರ್ಧಕ್ಕರ್ಧ ಖಾಲಿ.
ಉಳಿದವರು ಹಟಮಾರಿಗಳು: ಸ್ಕ್ಯಾಂಡಿಯಂ, ನಿಕ್ಕಲ್,
ಈ ಕ್ರೋಮಿಯಂ;
ಎಷ್ಟು ಕಾಸಿದರೂ ಊರ ಹೆಸರು ಬಿಡದವರು.

ನಮ್ಮ ವೆಂಡಾ ಮನೆಗಳಲ್ಲಿ ಹೊಸಬರು ಬಂದರೆ
ಮಖಾಡ್ಝಿ, ಅಪ್ಪನ ಅಕ್ಕ,
ಚೊಂಬು ಕೊಡುವ ಮೊದಲೇ ಕೇಳುತ್ತಾಳೆ, ಯಾವ ಬೆಡಗು?
ಆನೆಯವರೋ, ಮೊಸಳೆಯವರೋ?
ಗಡಿಗೆ ಮಾಡುವವಳು. ಚಿಟಿಕೆ ಮಣ್ಣು ನಾಲಿಗೆಗಿಟ್ಟು
ಇಂಥ ಹೊಳೆಯದು, ಇಂಥ ತಿರುವಿನದು, ಎನ್ನುವವಳು.
ಸುಟ್ಟ ಮೇಲೆ? ಕೇಳಿದ್ದೆ ಚಿಕ್ಕವನಿದ್ದಾಗ.
ಸುಟ್ಟ ಮೇಲೆ ನನಗೆ ತಿಳಿಯದಪ್ಪ,
ಮಣ್ಣಿಗೆ ತಿಳಿದಿದ್ದೀತು.

ಗುರುವಾರ ಉತ್ತರ ಬಂತು. ಕ್ರೋಮಿಯಂ ಇದೆ.
ಮೊದಲಿಗಿಂತ ತುಸು ಕಡಿಮೆ (ಅದು ಗಿರಣಿಯ ಪಾಪ),
ಉಳಿದದ್ದೆಲ್ಲ ಕಲ್ಲಿನದೇ.

ಒಂದು ಪಾಲು ಗ್ರಾನೈಟು, ಅಂದಳು ತಿನಾವಂಗಾ,
ಇನ್ನೊಂದು ಪಾಲು
ಈಗಿನ ಯಾವ ಜ್ವಾಲಾಮುಖಿಯೂ ಕಾರಲಾರದಷ್ಟು ಬಿಸಿಯ
ಲಾವಾ ಹರಿದು ಹೆಪ್ಪುಗಟ್ಟಿದ ನೆಲ.
ಆ ನೆಲ ಎಲ್ಲಿ?
ಸವೆದು ಮುಗಿಯಿತು.
ಸೀಸೆ ಮುಟ್ಟಿದಳು: ಇಷ್ಟೇ ಅದು.

ಅವಳು ಚಹಾಕ್ಕೆ ಹೋದಳು.
ಚೀಟಿ ಅಂಟಿಸಿ, ಅಂಕೆ ಬರೆದು,
ಒರಳಿನಂಚಿಗೆ ಉಳಿದ ಬೂದುಬಣ್ಣದ ಹುಡಿಯನ್ನು
ಬೆರಳಿಗೊತ್ತಿ ನಾಲಿಗೆಗಿಟ್ಟೆ.
ನಿಯಮಕ್ಕೆ ವಿರುದ್ಧ.
ರುಚಿಯಿಲ್ಲ, ಉಪ್ಪಿಲ್ಲ, ಯಾವ ಹೊಳೆಯೂ ಇಲ್ಲ.
ಹಲ್ಲಿಗೆ ಸ್ವಲ್ಪ ಕಿರ್ರೆಂದಿತು.