ಸ್ಯಾಂಪಲ್ ಡಬ್ಬಿಯ ವರದಿ

ಮಶಾಕಸಾಬ್ರ,
ನೀವು ಕೊಟ್ಟ ಡಬ್ಬಿ ಬಿಚ್ಚಿ ಮೂರು ದಿನ ಆಯ್ತು.
"ಮಗಳ ಕೈಲಿ ಆಡಿಸಿ ನೋಡ್ರಿ, ಚಲೋ ಇದ್ರ
ಹೈದರಾಬಾದಿಂದ ಇಪ್ಪತ್ತು ತರಸ್ತೀನಿ" ಅಂದಿದ್ರಿ.
ಹೊಲಿಗಿ ಮಷಿನ್ ರಿಪೇರಿ ಮಾಡಾವ ನಾ,
ಆಟಿಗಿ ಸಾಮಾನಿನ ಪಂಡಿತ ಅಲ್ಲ.
ಆದ್ರ ಕೀಲು ಅಂದ್ರ ಕೀಲೇ.
ನೋಡಿದ್ದು ನೋಡಿದಂಗ ಬರೀತೀನಿ.

ಡಬ್ಬಿ ಎರಡು ಅಂಗೈಯಷ್ಟು. ಮ್ಯಾಲಿನ ಚಿತ್ರದಾಗ
ಬೆಂಕಿ ಉಗುಳೋ ಬೆಟ್ಟ, ಮಿಂಚು, ಕೆಂಪು ಮೋಡ.
ಒಳಗ ಬೆಟ್ಟ ಇಲ್ಲ. ಮಿಂಚೂ ಇಲ್ಲ.
ನೂರಾ ಹದಿನಾಲ್ಕು ತುಂಡು ಅಂತ ಬರದಾರ.
ನನ್ನ ಮಗಳು ಮೌನೇಶ್ವರಿ,
ಹೆಸರಿನಾಗಷ್ಟೇ ಮೌನ,
ತಾಟಿನಾಗ ಸುರುವಿ, ಅಕ್ಕಿ ಹಸನ ಮಾಡಿದಂಗ ಎಣಿಸಿದಳು:
ನೂರಾ ಹದಿನಾರು.
ಹೆಚ್ಚಿಗಿ ಎರಡು ಬಂದಾವ. ಎಣಿಕಿಯೊಳಗ ಮೋಸ ಇಲ್ಲ ಅಂತ ಬರ್ಕೊಳ್ರಿ.

ಜೋಡಿಸೋ ಪುಸ್ತಕಕ್ಕ ಯಾವ ಭಾಷಾನೂ ಬರಂಗಿಲ್ಲ,
ಬರೇ ಚಿತ್ರ, ಬರೇ ಬಾಣ.
ಹದಿನೇಳನೇ ಚಿತ್ರಕ್ಕ ನಾ ತಪ್ಪಿದೆ.
ಆಕಿ ನನ್ನ ಕೈಯಿಂದ ಕಸಗೊಂಡು ತಿದ್ದಿದಳು.

ಮೃಗ ಯಾವುದು ಅಂತ ಕೇಳಬ್ಯಾಡ್ರಿ.
ಹುಲಿ ಅನ್ಲಾಕ ಕೋಡು ಅವ,
ಹೋರಿ ಅನ್ಲಾಕ ಕ್ವಾರಿ ಹಲ್ಲು ಅವ.
ನಮ್ಮ ಅವ್ವ ಚಾಳೀಸು ಏರಿಸಿ ನೋಡಿ
"ಇದು ಏನ್ ತಿಂತದವಾ?" ಅಂದಳು.
ಅದಕ್ಕ ಉತ್ತರ ಡಬ್ಬಿ ಮ್ಯಾಲ ಎಲ್ಲೂ ಇಲ್ಲ.

ಈಗ ಕೀಲಿನ ಮಾತು.
ಕೊರಳು ಸುತ್ತಲೂ ತಿರುಗ್ತದ, ಬೆನ್ನ ಹಿಂದ ಬರೋರನ್ನೂ ನೋಡ್ತದ.
ದವಡಿ ತೆರದ್ರ ತೆರದೇ ನಿಲ್ತದ, ಮುಚ್ಚಿದ್ರ ಟಕ್.
ಆ ಟಕ್ ಕೇಳಿದ್ರ, ಹೊಸಾ ಬಾಬಿನ್ ಕೇಸು
ಜಾಗಕ್ಕ ಕುಂತಷ್ಟು ಸಮಾಧಾನ ಜೀವಕ್ಕ.
ಬಾಲಕ್ಕ ಏಳು ಗೆಣ್ಣು. ಆರನೇದು ಸಡಿಲ,
ಎರಡು ದಿನಕ್ಕ ಜೋತು ಬಿತ್ತು.
ಎಣ್ಣಿ ಬಿಡೋ ಕೀಲಲ್ಲ ಅದು, ಬಿಟ್ರ ಇನ್ನೂ ಜಾರ್ತದ.
ನೂಲು ದಾರ ಒಂದು ಸುತ್ತು ಸುತ್ತಿದೆ,
ಈಗ ಬಾಲ ಎತ್ತಿ ನಿಂತದ.
ಗಿರಾಕಿಗೆ ಇದನ್ನ ನೀವು ಹೇಳಂಗಿಲ್ಲ, ನನಗ ಗೊತ್ತು.

ಕಾಲು ನಾಕು.
ತೊಡಿಗೆ ಕೀಲು ಅದ, ಹಿಮ್ಮಡಕ್ಕೂ ಅದ.
ಮೊಣಕಾಲಿಗೆ ಇಲ್ಲ.
ಅಲ್ಲೇ ತಕರಾರು ಶುರು ಆಗಿದ್ದು.

ಓಡೋ ಹಂಗ ನಿಲ್ತದ. ಹಾರ್ಲಾಕ ಸಜ್ಜಾಗಿ ನಿಲ್ತದ.
ಹಿಂಗಾಲ ಮ್ಯಾಲ ಎದ್ದು
ಗ್ವಾಡಿ ಮ್ಯಾಲಿನ ಹಲ್ಲಿಗೆ ಹೆದರಿಕಿ ಹಾಕ್ತದ.
ಕುಂದ್ರು ಅಂದ್ರ ಕುಂದ್ರಂಗಿಲ್ಲ.
ಮಲಕೋ ಅಂದ್ರ ಮಗ್ಗಲಿಗೆ ಉರುಳಿ
ನಾಕೂ ಕಾಲು ಸೆಟೆದು ಸತ್ತಂಗ ಕಾಣ್ತದ.
ಮೌನಿಗೆ ಅದನ್ನ ನೋಡ್ಲಾಕ ಆಗಂಗಿಲ್ಲ,
ಮತ್ತ ಎಬ್ಬಿಸಿ ನಿಲ್ಲಸ್ತಾಳ.

ನಿನ್ನಿ ರಾತ್ರಿ ಸೆಕಿಗೆ ಮಾಳಗಿ ಮ್ಯಾಲ ಹಾಸಿಗಿ ಹಾಕಿದ್ವಿ.
ಎದುರಿಗೆ ಗುಡ್ಡ, ನಮ್ಮ ಶಹಾಪುರದ ಮಲಗಿದ ಬುದ್ಧ.
ಹಣಿ, ಮೂಗು, ಗದ್ದ, ಎದಿ,
ಬೆಳದಿಂಗಳಾಗ ಒಂದೇ ಗೆರಿ.
"ಅಪ್ಪಾ, ಅವ ಯಾವಾಗ ಏಳ್ತಾನ?"
"ಏಳಂಗಿಲ್ಲ."
"ಇದು ಮಲಗಂಗಿಲ್ಲ."
ಆಮ್ಯಾಲ ಭಾಳ ಹೊತ್ತು ಮಾತಿಲ್ಲ.
ಹುಟ್ಟಿದಾಗಿಂದ ಮೊದಲ ಸಲ, ಹೆಸರಿಗೆ ತಕ್ಕಂಗ.

ನಸುಕಿನಾಗ ಎದ್ದು ನೋಡ್ತೀನಿ,
ನಾಕೂ ಕಾಲು ಕಿತ್ತಾಳ.
ತಲಿದಿಂಬಿನ ಬಾಜೂಕ ಜೋಡಿ ಜೋಡಿ ಇಟ್ಟಾಳ,
ಹೊಸ್ತಿಲ ಹೊರಗ ಚಪ್ಪಲಿ ಬಿಟ್ಟಂಗ.
ಹೊಟ್ಟಿ ನೆಲಕ್ಕ ಹಚ್ಚಿ, ದವಡಿ ಮುಚ್ಚಿ,
ಎಣ್ಣಿ ಕಲಿ ಇರೋ ನನ್ನ ಕರ್ಚೀಫು ಹೊದ್ದು
ಮಲಗ್ಯಾದ ನಿಮ್ಮ ಮೃಗ.

ಮುಂಜಾನಿ ಸಾಲಿ ಗಂಟಿ ಆಗಿತ್ತು.
ಕಾಲು ತೊಡಿಸೋ ಅವಸರಕ್ಕ
ಹಿಂದಿನದೊಂದು ಮುಂದ ಹೋಯ್ತು.
ಈಗ ಅದು ಹೊಂಟದೋ ಬರ್ಲಾಕತ್ತದೋ ತಿಳಿವಲ್ದು.

ಹತ್ತಕ್ಕ ಎಷ್ಟು ಅಂತ ಕೇಳಿದ್ರಿ.
ಮೊಣಕಾಲಿಗೆ ಎರಡು ಕಳದೆ, ಬಾಲಕ್ಕ ಒಂದು.
ಏಳು ಉಳೀತು.
ಮೌನಿ ಹನ್ನೊಂದು ಅಂತಾಳ, ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ.
ಮುನ್ನೂರೈವತ್ತು ರೂಪಾಯಿ ಜಾಸ್ತಿ ಆಯ್ತು, ಮುನ್ನೂರಕ್ಕ ಇಡ್ರಿ.
ಇಪ್ಪತ್ತು ಬ್ಯಾಡ, ಎಂಟು ತರಸ್ರಿ.

ಸ್ಯಾಂಪಲ್ ವಾಪಸ್ ಬೇಕು ಅಂದಿದ್ರಿ.
ಅದೊಂದು ಕೇಳಬ್ಯಾಡ್ರಿ ಸಾಬ್ರ.
ಹೆಚ್ಚಿಗಿ ಬಂದ ಎರಡು ತುಂಡು ಅವ ಅಲ್ಲ,
ಅವನ್ನ ಕಳಸ್ತೀನಿ.